ಅಂಕಿತದ ಎರಡಕ್ಷರ

ಹುನಗುಂದ ತಾಲ್ಲೂಕಿನಲ್ಲಿ ಕೃಷ್ಣೆ-ಮಲಪ್ರಭೆಯರು ಕೂಡುವ ತಾಣವೇ ಕೂಡಲಸಂಗಮ. ಆ ಕ್ಷೇತ್ರದ ಹೆಸರೇ ಬಸವಣ್ಣನವರ ವಚನಗಳ ಅಂಕಿತವಾಗಿದೆ: ಕೂಡಲಸಂಗಮದೇವ. ಅವರ ಸೋದರಳಿಯ ಚೆನ್ನಬಸವಣ್ಣನವರ ಅಂಕಿತವು ಕೂಡಲಚೆನ್ನಸಂಗಮದೇವ. ನಡುವಿನ ‘ಚೆನ್ನ’ ಎಂಬ ಎರಡಕ್ಷರ ಬಿಟ್ಟುಹೋದರೆ ಅಳಿಯನ ವಚನವು ಮಾವನದಾಗಿಬಿಡುತ್ತದೆ. ವಚನ ಸಂಪಾದಕರ ಹೊಣೆ ಎಷ್ಟು ದೊಡ್ಡದೆಂಬುದಕ್ಕೆ ಈ ಒಂದು ನಿದರ್ಶನ ಸಾಕು.

ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ತಾಡೋಲೆಗಳನ್ನು ಅರಸಿ ಅಲೆದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಹಳೆಯ ಓಲೆಗಳಲ್ಲಿ ಪದಗಳ ನಡುವೆ ತೆರಪಿರುವುದಿಲ್ಲ. ಎಕಾರ, ಒಕಾರಗಳ ಹ್ರಸ್ವ-ದೀರ್ಘ ಭೇದವೂ ತೋರುವುದಿಲ್ಲ. ‘ಕೊಡು’ ಎಂದೋ ‘ಕೋಡು’ ಎಂದೋ ಓದುವವರೇ ನಿರ್ಣಯಿಸಬೇಕು. ಅವರ ತರುವಾಯ ಅನೇಕ ವಿದ್ವಾಂಸರು ಓಲೆಗೆ ಓಲೆಯನ್ನು ಹೋಲಿಸಿ ದುಡಿದುದರ ಫಲವಾಗಿ 1993ರಲ್ಲಿ ಕರ್ನಾಟಕ ಸರ್ಕಾರದ ಸಮಗ್ರ ವಚನ ಸಾಹಿತ್ಯವು 15 ಸಂಪುಟಗಳಲ್ಲಿ ಹೊರಬಂದಿತು.

ಮುಂದೆ ‘ವಚನ ಸಂಚಯ’ ಜಾಲತಾಣವು ಈ ಭಂಡಾರವನ್ನು ಮನೆಮನೆಗೆ ತಂದಿತು. ಇಳಕಲ್ಲಿನ ನೇಕಾರರೂ ಬಾದಾಮಿಯ ವಿದ್ಯಾರ್ಥಿಗಳೂ ಒಂದು ಪದವನ್ನು ಕೊಟ್ಟು, ಅದು ಬಂದಿರುವ ವಚನಗಳನ್ನೆಲ್ಲ ಕಾಣುವಂತಾಯಿತು. ಇದು ಸಾಮಾನ್ಯ ಉಪಕಾರವಲ್ಲ. ಆದರೆ ಗಣಕಯಂತ್ರವು ಹುಡುಕುವುದು ಸಂಪಾದಕರು ಬಿಡಿಸಿಕೊಟ್ಟ ಪದವನ್ನು ಮಾತ್ರ. ಅವರು ಕೈಬಿಟ್ಟ ಪಾಠಾಂತರವು ಪರದೆಗೆ ಬಾರದಿದ್ದರೆ, ಅಂಥದೊಂದು ಇತ್ತೆಂಬುದೇ ಓದುಗರಿಗೆ ತಿಳಿಯದು. ತಪ್ಪೊಂದು ನುಸುಳಿದರೂ ಅದು ನಕಲಿನಿಂದ ನಕಲಿಗೆ ಹಬ್ಬುತ್ತದೆ.

ಆದ್ದರಿಂದ ವಚನದ ಪಕ್ಕದಲ್ಲಿಯೇ ಓಲೆಯ ಛಾಯಾಚಿತ್ರವೂ ಪಾಠಾಂತರಗಳೂ ಇರಬೇಕು. ‘ನಾವು ಹೀಗೆ ಓದಿದೆವು, ಓಲೆ ಇಲ್ಲಿದೆ, ತಾವೂ ನೋಡಿರಿ’ ಎನ್ನುವ ವಿನಯವೇ ಸಂಪಾದಕರ ಕಾಯಕ.