ಪಿರಸಿಕಾಬಾ ಹೊಳೆಯ ದಂಡೆಯಲ್ಲಿ

ಬ್ರೆಜಿಲ್ ದೇಶದ ಸಾವೊ ಪಾವುಲೊ ಪ್ರಾಂತದಲ್ಲಿ ಪಿರಸಿಕಾಬಾ ಎಂಬ ಪಟ್ಟಣವಿರುವುದು. ಅದೇ ಹೆಸರಿನ ಹೊಳೆಯು ಊರೊಳಗೇ ಬಂಡೆಗಳ ಮೇಲಿಂದ ಧುಮುಕಿ ಹರಿಯುತ್ತದೆ. ‘ಮೀನು ತಡೆದು ನಿಲ್ಲುವ ಠಾವು’ ಎಂದು ಮೂಲನಿವಾಸಿಗಳ ತುಪಿ ನುಡಿಯಲ್ಲಿ ಆ ಹೆಸರಿಗೆ ಅರ್ಥ.

ನಾವು ಅಲ್ಲಿಗೆ ಹೋದುದು ಜೂನ್ ತಿಂಗಳಿನಲ್ಲಿ. ನಮ್ಮಲ್ಲಿ ಮುಂಗಾರು, ಅಲ್ಲಿ ಒಣ ಚಳಿಗಾಲ. ಸಂಜೆ ದಂಡೆಯ ಹುಲ್ಲಿನಲ್ಲಿ ಕಾಪಿಬಾರಗಳ ಹಿಂಡು ಮೇಯುತ್ತಿತ್ತು. ಇಲಿ ಅಳಿಲುಗಳ ವರ್ಗದಲ್ಲೆಲ್ಲ ಇದೇ ದೊಡ್ಡ ಪ್ರಾಣಿ. 50 ಕಿಲೋಗ್ರಾಮ್ ತೂಗುವುದೂ ಉಂಟು. ಅವುಗಳ ಸಾಧುತನವನ್ನು ಕಂಡು ನಮ್ಮ ಚಿಕ್ಕ ಮಗನು ಹುಲ್ಲಿನಲ್ಲಿಯೇ ಕುಳಿತುಬಿಟ್ಟನು. ನಮ್ಮನ್ನು ಕರೆತಂದಿದ್ದ ಗೃಹಿಣಿಯು ಗಾಬರಿಯಿಂದ ಅವನನ್ನು ಎಬ್ಬಿಸಿ, ಬಿಳಿಯ ಕಾಲುಚೀಲಗಳನ್ನು ಪರೀಕ್ಷಿಸಿದಳು. ಗಸಗಸೆಯಂಥ ಚುಕ್ಕೆಗಳು ಹರಿದಾಡುತ್ತಿದ್ದುವು! ಆಕೆ ಅಂಟುಪಟ್ಟಿಯನ್ನು ಒತ್ತಿ ಒಂದೊಂದನ್ನೂ ಎತ್ತಿದಳು.

ಮಲೆನಾಡಿನವರಾದ ನಮಗೆ ಉಣುಗು ಹೊಸದಲ್ಲ. ಶಿವಮೊಗ್ಗೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯನ್ನು ಹರಡುವುದೂ ಉಣುಗೇ. ಆದರೆ ಇದು ಬೇರೆ ಜಾತಿ, ಬೇರೆ ರೋಗ. ಶಾಸ್ತ್ರಜ್ಞರು ಇದನ್ನು ಅಂಬ್ಲಿಯೋಮ ಸ್ಕಲ್ಪ್ಟಮ್ ಎನ್ನುವರು; ಜನರು ನಕ್ಷತ್ರ ಉಣುಗು ಎನ್ನುವರು. ಕಾಪಿಬಾರದ ನೆತ್ತರಿನಲ್ಲಿ ಕೆಲವು ದಿನ ನೆಲೆಸುವ ರಿಕೆಟ್ಸಿಯ ಎಂಬ ಸೂಕ್ಷ್ಮಜೀವಿಯು ಉಣುಗಿನೊಳಗೆ ಸೇರಿ, ಅದರ ಕಡಿತದಿಂದ ಮನುಷ್ಯನಿಗೆ ಮಚ್ಚೆಜ್ವರವನ್ನು ತರುತ್ತದೆ. ಕಾಪಿಬಾರಕ್ಕೆ ಬಾಧೆಯು ಕಾಣದು. ಮನುಷ್ಯರಲ್ಲಾದರೋ, ಈ ಪ್ರಾಂತದಲ್ಲಿ ರೋಗವು ಖಚಿತವಾದವರ ಪೈಕಿ ಸುಮಾರು ಅರ್ಧದಷ್ಟು ಮಂದಿ ಸಾಯುತ್ತಾರೆ. ಇದಕ್ಕೆ ಲಸಿಕೆಯನ್ನು ಸಿದ್ಧಪಡಿಸುತ್ತಿದ್ದ ಬುಟಾಂಟಾನ್ ಸಂಸ್ಥೆಯ ಲೆಮೋಸ್ ಮೊಂಟೈರೊ ಎಂಬ ವೈದ್ಯರೂ ಅವರ ಸಹಾಯಕರೂ 1935ರಲ್ಲಿ ಇದೇ ರೋಗಕ್ಕೆ ಬಲಿಯಾದರು. 2023ರಲ್ಲಿ ನೆರೆಯ ಕಂಪಿನಾಸ್ ನಗರದ ತೋಟವೊಂದರ ಉತ್ಸವಕ್ಕೆ ಹೋಗಿದ್ದ ಕೆಲವರು ತೀರಿಕೊಂಡರು.

ಮದ್ದಿಲ್ಲವೇ? ಉಂಟು. ಡಾಕ್ಸಿಸೈಕ್ಲಿನ್ ಎಂಬ ಸುಲಭವಾದ ಔಷಧವನ್ನು ಮೊದಲ ದಿನಗಳಲ್ಲಿಯೇ ಕೊಟ್ಟರೆ ರೋಗಿಯು ಬದುಕುವನು. ತಡವೇ ಮೃತ್ಯು. ಮೊದಲಿಗೆ ಬರಿಯ ಜ್ವರ, ತಲೆನೋವು, ಮೈನೋವು. ಮಚ್ಚೆಗಳು ತಡವಾಗಿ ಬರುವುವು, ಕೆಲವರಿಗೆ ಬರುವುದೇ ಇಲ್ಲ. “ಹುಲ್ಲಿನಲ್ಲಿ ಕುಳಿತಿದ್ದೆನೆಂದು ರೋಗಿಯು ಹೇಳದಿದ್ದರೆ ನಮಗೆ ತಿಳಿಯುವುದೆಂತು?” ಎಂದರು, ನಾವು ಮರುದಿನ ಕಂಡ ವೈದ್ಯರು. ಕಡಿತವಾದ 2ರಿಂದ 14 ದಿನಗಳೊಳಗೆ ಜ್ವರವು ತೋರಬಹುದೆಂದೂ ಎಚ್ಚರಿಸಿದರು.

ಆ 14 ರಾತ್ರಿಗಳೂ ನಾವು ಮಗುವಿನ ಹಣೆಯನ್ನು ಮುಟ್ಟಿ ನೋಡಿದೆವು. ಹಣೆಯು ತಣ್ಣಗೇ ಇದ್ದಿತು. ಹದಿನೈದನೆಯ ಬೆಳಿಗ್ಗೆ ಅವನು ಮತ್ತೆ ಕಾಪಿಬಾರಗಳನ್ನು ನೋಡಬೇಕೆಂದು ಹಟಹಿಡಿದನು. ಹೋದೆವು; ಆದರೆ ಕಲ್ಲುಹಾಸಿನ ದಾರಿಯನ್ನು ಬಿಟ್ಟು ಕೆಳಗಿಳಿಯಲಿಲ್ಲ.