ಎಡವಿದ ಜಾಗ

ತರೀಕೆರೆಯಿಂದ ಹೊರಟು, ಲಿಂಗದಹಳ್ಳಿಯನ್ನೂ ಕಲ್ಲತ್ತಿಗಿರಿಯನ್ನೂ ದಾಟಿ ಬೆಟ್ಟವನ್ನೇರಿದವರಿಗೆ ಕೆಮ್ಮಣ್ಣುಗುಂಡಿಯು ಮೊದಲು ತೋರಿಸುವುದು ತನ್ನ ಹೆಸರನ್ನೇ. ದಾರಿಯ ಅಂಚು ಕೆಂಪು, ಕಡಿದ ಧರೆ ಕೆಂಪು, ಹರಿಯುವ ಮಳೆನೀರೂ ಕೆಂಪು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಒಂದು ಕಾಲದಲ್ಲಿ ಅದಿರನ್ನು ಕೊಟ್ಟ ಬೆಟ್ಟವಿದು.

ಈ ಬೆಟ್ಟವನ್ನೇ ತರುಣನೊಬ್ಬನು ಆಟವನ್ನಾಗಿ ಮಾಡಿದನು. ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆದು ಕೂಡಲೇ ಆಡಬಹುದಾದ ಆಟ. ಪುಟ್ಟ ಹುಡುಗನೊಬ್ಬನು ಕಲ್ಲಿನಿಂದ ಕಲ್ಲಿಗೆ, ಧರೆಯಿಂದ ಧರೆಗೆ ಹಾರುತ್ತ ಜೆಡ್ ಪಾಯಿಂಟಿನ ತುದಿಯನ್ನು ಮುಟ್ಟಬೇಕು. ಇಂಥವನ್ನು ಪ್ಲಾಟ್‌ಫಾರಂ ಆಟಗಳೆನ್ನುವರು. 1985ರಲ್ಲಿ ಜಪಾನಿನಿಂದ ಬಂದ ‘ಸೂಪರ್ ಮಾರಿಯೋ ಬ್ರದರ್ಸ್’ ಈ ಜಾತಿಯಲ್ಲಿ ಬಹಳ ಹೆಸರಾದದ್ದು. ತರುಣನ ಹಿಂದೆ ಯಾವ ಸಂಸ್ಥೆಯೂ ಇರಲಿಲ್ಲ. ಚಿತ್ರ, ಸದ್ದು, ಲೆಕ್ಕಾಚಾರ ಎಲ್ಲವೂ ಅವನೊಬ್ಬನ ಒಂದು ವರ್ಷದ ರಾತ್ರಿಗಳ ದುಡಿಮೆ.

ಸ್ನೇಹಿತರು ಆಡಿ “ಬಹಳ ಚೆನ್ನಾಗಿದೆ” ಎಂದರು. ಒಬ್ಬನು ಮಾತ್ರ “ಇದರಲ್ಲೇನೂ ಸ್ವಾರಸ್ಯವಿಲ್ಲ” ಎಂದನು. ಆದರೆ ಆಟವು ತನ್ನೊಳಗೇ ಇಟ್ಟುಕೊಂಡಿದ್ದ ಲೆಕ್ಕವು ಬೇರೆಯದನ್ನು ಹೇಳಿತು: ಹೊಗಳಿದವರೂ ತೆಗಳಿದವನೂ ಮೂರನೆಯ ಘಟ್ಟದಲ್ಲಿಯೇ ಆಟವನ್ನು ಬಿಟ್ಟುಹೋಗಿದ್ದರು. ಏಕೆಂದು ಯಾರೂ ಹೇಳಿರಲಿಲ್ಲ. ಎಲ್ಲವನ್ನೂ ಅಳಿಸಿಬಿಡುವ ಮನಸ್ಸಾಗಿ, ಕೊನೆಯ ಸಲವೆಂದು ಅದನ್ನು ತನ್ನ ಸೋದರಮಾವನ ಮುಂದಿಟ್ಟನು.

ಮಾವನವರು ನಿವೃತ್ತ ಕನ್ನಡ ಪಂಡಿತರು. ಇಂಥ ಆಟವನ್ನು ಎಂದೂ ಆಡಿದವರಲ್ಲ. ಇಬ್ಬರೂ ಎರಡು ದಿನದ ಮಟ್ಟಿಗೆ ಕೆಮ್ಮಣ್ಣುಗುಂಡಿಗೆ ಬಂದಿದ್ದರು; ಹೊರಗೆ ಮಂಜು ಕವಿದಿತ್ತು. ಮಾವನವರು ಕನ್ನಡಕವನ್ನೇರಿಸಿ, ಪಕ್ಕದಲ್ಲೊಂದು ನೋಟುಪುಸ್ತಕವನ್ನಿಟ್ಟುಕೊಂಡು ಕುಳಿತರು. ಹುಡುಗನು ಹಳ್ಳಕ್ಕೆ ಬಿದ್ದ ಕೂಡಲೇ ಅಳಿಯನು, “ಮಾವ, ಅಲ್ಲಿ ನೀವು...” ಎಂದು ಬಾಯಿ ತೆರೆದನು.

“ಸುಮ್ಮನೆ ಕೂತಿರಪ್ಪ. ಇದನ್ನು ಆಡುವವರ ಮನೆಗೆಲ್ಲ ಹೋಗಿ ನೀನು ಹೇಳಿಕೊಡುವೆಯಾ?”

ಒಂದು ಗಂಟೆಯ ಮೇಲೆ ಪುಸ್ತಕದಲ್ಲಿ ಹೀಗೆ ಬರೆದಿತ್ತು: “ಎರಡನೆಯ ಘಟ್ಟ: 6 ಸಲ ಬಿದ್ದೆ. ಆರೂ ನನ್ನ ತಪ್ಪು. ಮತ್ತೆ ಆಡಬೇಕೆನಿಸಿತು. ಮೂರನೆಯ ಘಟ್ಟ: 11 ಸಲ ಬಿದ್ದೆ. 7 ಸಲ, ನೆಲವೆಂದುಕೊಂಡದ್ದು ನೆಲವಾಗಿರಲಿಲ್ಲ. 4 ಸಲ, ಅಂಚಿನಲ್ಲಿ ಹಾರಿದೆನೆಂದುಕೊಂಡೆ, ಹಾರಿರಲಿಲ್ಲ. ಮತ್ತೆ ಆಡಬೇಕೆನಿಸಲಿಲ್ಲ. ಸಂಗೀತದ ವೇಗ ಹೆಚ್ಚಾಯಿತು.”

ಅಳಿಯನ ಮುಖ ಬಾಡಿತು. “ಇಲ್ಲಿಯ ಮಣ್ಣೆಲ್ಲ ಕೆಂಪೇ ಅಲ್ಲವೇ, ಮಾವ? ಇದ್ದಂತೆಯೇ ಬರೆದಿದ್ದೇನೆ,” ಎಂದನು. ಮಾವನವರು ವಾದಿಸಲಿಲ್ಲ. ಮಂಜು ತೆಳುವಾದ ಮೇಲೆ ಅವನನ್ನು ಜೆಡ್ ಪಾಯಿಂಟಿನ ಕಾಲುದಾರಿಯಲ್ಲಿ ಕರೆದೊಯ್ದು ಒಂದೆಡೆ ನಿಲ್ಲಿಸಿದರು. “ಧರೆಯ ಮುಖ ನೋಡು, ಬೋಳು. ನೆತ್ತಿ ನೋಡು, ಹುಲ್ಲು. ಮಣ್ಣೊಂದೇ ಆದರೂ ಕಾಲಿಗೆ ಆಧಾರವೆಲ್ಲಿ ಎಂಬುದು ಕಣ್ಣಿಗೆ ತಿಳಿಯುತ್ತದೆ. ಈ ಬೆಟ್ಟವೂ ಜನರನ್ನು ಬೀಳಿಸುತ್ತದೆ. ಆದರೆ ಸುಳ್ಳು ಹೇಳುವುದಿಲ್ಲ.”

ಅಂಚಿನ ವಿಷಯಕ್ಕೆ ಉತ್ತರವು ಅಳಿಯನಿಗೇ ಗೊತ್ತಿತ್ತು. ಮ್ಯಾಡಿ ಥಾರ್ಸನ್ ಮತ್ತು ನೋಯಲ್ ಬೆರ್ರಿ ಎಂಬಿಬ್ಬರು ನಾಲ್ಕೇ ದಿನಗಳಲ್ಲಿ ‘ಸೆಲೆಸ್ಟ್’ ಎಂಬ ಪುಟ್ಟ ಆಟವನ್ನು ಮಾಡಿದರು. 2018ರಲ್ಲಿ ಅದು ಬೆಳೆದು ದೊಡ್ಡ ಆಟವಾಯಿತು. ಅದೂ ಬೆಟ್ಟವನ್ನೇರುವ ಕಥೆಯೇ. ಅದರಲ್ಲಿ ಕಾಲು ಅಂಚನ್ನು ಬಿಟ್ಟ ಮೇಲೆಯೂ ರೆಪ್ಪೆ ಮಿಟುಕಿಸುವಷ್ಟು ಹೊತ್ತು ಹಾರಲು ಅವಕಾಶವುಂಟು. ಆಟಗಳನ್ನು ಮಾಡುವವರು ಇದನ್ನು ‘ಕಯೋಟಿ ಟೈಮ್’ ಎನ್ನುತ್ತಾರೆ. ಅದು ಆಡುವವನಿಗೆ ಕೊಡುವ ರಿಯಾಯಿತಿಯೆಂದು ಇವನು ಬಿಟ್ಟಿದ್ದನು.

“ಕಣ್ಣು ಕಂಡದ್ದನ್ನು ಬೆರಳು ಮಾಡುವುದಕ್ಕೆ ಸ್ವಲ್ಪ ಹೊತ್ತು ಬೇಡವೇ? ಅದು ರಿಯಾಯಿತಿಯಲ್ಲ ಕಣೋ, ನ್ಯಾಯ,” ಎಂದರು ಮಾವ.

9ನೆಯ ಶತಮಾನದ ‘ಕವಿರಾಜಮಾರ್ಗ’ವು ತನ್ನ ಮೊದಲ ಪರಿಚ್ಛೇದದಲ್ಲಿಯೇ ಕಾವ್ಯದ ದೋಷಗಳನ್ನು ವಿಚಾರಿಸುತ್ತದೆ. ಕೆಟ್ಟ ಪದ್ಯವನ್ನು ಮುಂದಿಟ್ಟು, ಕೆಟ್ಟದ್ದೆಲ್ಲಿ ಎಂದು ತೋರಿಸಿ, ತಿದ್ದಿದ ರೂಪವನ್ನೂ ಕೊಡುತ್ತದೆ. ಕನ್ನಡದಲ್ಲಿ ದೊರೆತ ಅತಿ ಹಳೆಯ ಗ್ರಂಥದಲ್ಲಿಯೇ ಈ ಮರ್ಯಾದೆ ಇದೆ: ದೋಷ ಪದ್ಯದ್ದು, ಕವಿಯದಲ್ಲ. ‘ಚೆನ್ನಾಗಿದೆ’ ಎಂಬ ಮಾತಾಗಲಿ ‘ಸ್ವಾರಸ್ಯವಿಲ್ಲ’ ಎಂಬ ಮಾತಾಗಲಿ ಮಾಡಿದವನ ಕೈಗೆ ಏನನ್ನೂ ಕೊಡುವುದಿಲ್ಲ. ‘ಇಲ್ಲಿ ಎಡವಿದೆ’ ಎಂಬ ಮಾತು ಕೊಡುತ್ತದೆ. ಅದನ್ನು ಹೇಳುವುದಕ್ಕೆ ಪಾಂಡಿತ್ಯ ಬೇಡ. ಪೂರ್ತಿ ಆಡುವ ತಾಳ್ಮೆಯೂ ಬಿದ್ದೆನೆಂದು ಒಪ್ಪುವ ಸರಳತೆಯೂ ಸಾಕು.

ಅಳಿಯನು ಎಲ್ಲವನ್ನೂ ಒಪ್ಪಲಿಲ್ಲ. ಸಂಗೀತದ ವೇಗವನ್ನು ತಗ್ಗಿಸಲಾರೆನೆಂದನು. ಮಾವನವರು ಆ ಸಾಲನ್ನು ಹೊಡೆದುಹಾಕಿದರು. “ಅದು ನನ್ನ ರುಚಿ, ನಿನ್ನ ತಪ್ಪಲ್ಲ.”

ಆ ರಾತ್ರಿ ಆಟದ ಧರೆಗಳ ನೆತ್ತಿಯ ಮೇಲೆ ಹಸುರು ಮೂಡಿತು. ಅಂಚು ಕೊಂಚ ದಯೆಯನ್ನು ಕಲಿಯಿತು. ಬೆಳಗ್ಗೆ ಮಾವನವರು ಮೂರನೆಯ ಘಟ್ಟಕ್ಕೆ ಬಂದು ಮತ್ತೆ ಬಿದ್ದರು.

ಅಳಿಯನು ಉಸಿರು ಬಿಗಿಹಿಡಿದು ನೋಡಿದನು.

“ಈ ಸಲ ತಪ್ಪು ನನ್ನದೇ,” ಎಂದು ಮಾವನವರು ನಕ್ಕು, ಮತ್ತೆ ಮೊದಲಿನಿಂದ ಹೊರಟರು.