ಇಳಿಜಾರಿನ ಕೊನೆಗೊಂದು ಕೆರೆ

ಐವತ್ತು ದಾಟಿದ ಮೇಲೆ ಸೈಕಲ್ ಕೊಂಡವನನ್ನು ಮನೆಯವರು ನೋಡುವ ನೋಟವೇ ಬೇರೆ. "ಗೇರ್ ಎಷ್ಟಿದೆ ಅಪ್ಪಾ?" ಎಂದಳು ಮಗಳು. ಇಪ್ಪತ್ತೊಂದು. ಅದರಲ್ಲಿ ಹದಿನೆಂಟು ಯಾಕಿವೆಯೋ ನನಗಿನ್ನೂ ತಿಳಿದಿಲ್ಲ. ಅಪ್ಪನ ಅಟ್ಲಾಸ್ ಮೇಲೆ ಕತ್ತರಿಗಾಲು ಹಾಕಿ ಕಲಿತವನಿಗೆ ಗೊತ್ತಿದ್ದದ್ದು ಎರಡೇ ಗೇರು: ತುಳಿಯುವುದು, ಇಳಿದು ತಳ್ಳುವುದು.

ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಜೋತಾಡಿದ ನಾನು ಬೆಂಗಳೂರನ್ನು ಮಟ್ಟಸವಾದ ಊರೆಂದೇ ನಂಬಿದ್ದೆ. ಮೊಣಕಾಲು ಒಪ್ಪಲಿಲ್ಲ. ಭಾನುವಾರ ನಸುಕಿಗೇ ಕೆಂಪಾಂಬುಧಿ ಕೆರೆಯ ಕಡೆಯಿಂದ ದೊಡ್ಡ ಬಸವಣ್ಣನ ಗುಡಿಗೆ ಏರುವಷ್ಟರಲ್ಲಿ ಅದು ತನ್ನ ತಕರಾರನ್ನು ಸ್ಪಷ್ಟವಾಗಿ ತಿಳಿಸಿತು. ಕಡಲೆಕಾಯಿ ಪರಿಷೆಗೆ ಎಷ್ಟು ಸಲ ಹೋಗಿಲ್ಲ! ಬಾಯಲ್ಲಿ ಕಡಲೆಕಾಯಿ ಇದ್ದಾಗ ಏರು ಗೊತ್ತಾಗುವುದಿಲ್ಲವೇನೋ.

ಲಾಲ್‌ಬಾಗಿನ ಗೇಟಿನ ಹೊರಗೆ ಸೈಕಲ್ಲಿಗೆ ಬೀಗ ಹಾಕಿ ಬಂಡೆ ಹತ್ತಿದೆ. ಹೈದರಾಲಿ ತೋಟ ಹಾಕಿಸತೊಡಗಿದ್ದು 1760ರಲ್ಲಿ. ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ತಲೆಯ ಮೇಲೆ ಗಡಿಗೋಪುರ, ಕೆಂಪೇಗೌಡರ ಹೆಸರಿನ ನಾಲ್ಕರಲ್ಲೊಂದು. ಊರು ಇದನ್ನು ದಾಟಿ ಬೆಳೆಯಬಾರದೆಂಬ ಪ್ರತೀತಿ ಇತ್ತಂತೆ. ಊರು ಕೇಳಬೇಕಲ್ಲ!

ಅಲ್ಲಿಂದ ಕಬ್ಬನ್ ಪಾರ್ಕ್. 1870ರ ಈ ಉದ್ಯಾನಕ್ಕೆ ಚಾಮರಾಜೇಂದ್ರರ ಹೆಸರಿದೆ, ಫಲಕದ ಮಟ್ಟಿಗೆ. ಭಾನುವಾರ ಒಳಗೆ ಮೋಟಾರು ವಾಹನಗಳಿಲ್ಲ. ಕೆಂಪು ಬಣ್ಣದ ಅಠಾರಾ ಕಚೇರಿಯ ಹಿಂದೆ ಬಿದಿರು ಮೆಳೆಗಳ ನೆರಳಲ್ಲಿ ನಿಧಾನ ತುಳಿಯುತ್ತಿದ್ದರೆ, ಪಕ್ಕದಲ್ಲಿ ಪುಟಾಣಿ ಚಕ್ರದ ಸೈಕಲ್ಲಿನ ಪೋರಿಯೊಬ್ಬಳು ಗಂಟೆ ಬಾರಿಸಿ ದಾರಿ ಕೇಳಿದಳು. ಬಿಟ್ಟುಕೊಟ್ಟೆ.

ನನ್ನ ನಿಜವಾದ ಶೋಧ ಇಷ್ಟು: ಈ ಊರಲ್ಲಿ ತುಳಿಯದೆ ಸೈಕಲ್ ಓಡತೊಡಗಿತೋ, ಮುಂದೆ ಕೆರೆಯಿದೆ, ಅಥವಾ ಇತ್ತು. ಪಾರ್ಕಿನಿಂದ ಕಂಠೀರವ ಕ್ರೀಡಾಂಗಣದತ್ತ ಸುಮ್ಮನೆ ಜಾರಿದೆ. ಅದು ಸಂಪಂಗಿ ಕೆರೆಯಂಗಳ. ಮೂಲೆಯಲ್ಲಿ ಉಳಿದ ತುಂಡು ಕೊಳಕ್ಕೆ ಕರಗದ ಹೊತ್ತಿನಲ್ಲಿ ಇಂದಿಗೂ ಪೂಜೆ ಸಲ್ಲುತ್ತದೆ. ಆಟಗಾರರು ಓಡುವ ಜಾಗದಲ್ಲಿ ನೀರಿತ್ತೆಂಬುದನ್ನು ಕರಗದವರು ಮರೆತಿಲ್ಲ, ನನ್ನ ಚಕ್ರವೂ ಮರೆತಿಲ್ಲ.

ಮೈಸೂರು ಬ್ಯಾಂಕ್ ಸರ್ಕಲ್ಲಿನಿಂದಲೂ ಹಾಗೆಯೇ. ಕೆಂಪೇಗೌಡ ರಸ್ತೆಯಲ್ಲಿ ಪೆಡಲ್ ಮುಟ್ಟದೆ ಮೆಜೆಸ್ಟಿಕ್ಕಿಗೆ ಬಂದಿಳಿದೆ. ಪೇಟೆಯವರಿಗೆ ನೀರುಣಿಸುತ್ತಿದ್ದ ಧರ್ಮಾಂಬುಧಿಯ ಅಂಗಳದಲ್ಲಿ ಈಗ ಬಸ್ಸುಗಳು ನಿಂತಿವೆ. ಟೀ ಕುಡಿದೆ. "ಎಲ್ಲಿಗ್ ಹೋಗ್ಬೇಕು ಸಾರ್?" ಎಂದು ಕೇಳಿದ, ಸೈಕಲ್ ಹಿಡಿದು ನಿಂತವನನ್ನೇ ಒಬ್ಬ ಆಟೋದವನು.

ಬಸವನಗುಡಿಗೆ, ಎಂದೆ. ಅವನು ಸೈಕಲ್ ನೋಡಿದ, ನನ್ನನ್ನು ನೋಡಿದ. ಎರಡನೇ ಗೇರು ಹಾಕಿ ಹೊರಟೆ: ಇಳಿದು, ತಳ್ಳಿಕೊಂಡು.